ಫ್ಯಾನಿನ ಕೆಳಗೆ ಎಲ್ಲವೂ ಸರಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ನಮ್ಮ ರಿಪೇರಿ ಅಂಗಡಿಗೆ ಅದೇ ಆಂಪ್ಲಿಫೈಯರ್ ಮೂರನೆಯ ಸಲ ಬಂದಾಗ ಸೇಠ್ ಏನೂ ಹೇಳಲಿಲ್ಲ. ಜಾಬ್ ಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಚಹಾ ಕುಡಿಯತೊಡಗಿದರು. ಬೈದಿದ್ದರೇ ವಾಸಿಯಿತ್ತು.

ಮಾಟುಂಗಾದ ರಾಯರ ವಾಲ್ವ್ ಸೆಟ್ ಅದು, ಟ್ರಾನ್ಸಿಸ್ಟರಿನ ಬದಲು ಕಾದು ಕೆಲಸ ಮಾಡುವ ಗಾಜಿನ ವಾಲ್ವುಗಳದ್ದು; ಚಾನೆಲಿಗೆ ಎರಡು ಇಎಲ್34 ವಾಲ್ವ್. ಪ್ರತಿ ಸಲವೂ ಎಡ ಚಾನೆಲಿನಲ್ಲಿ ವಾಲ್ವ್ ಕೂರುವ ಒಂದೇ ಬೇಸಿನಲ್ಲಿ 470 ಓಮಿನ ಸ್ಕ್ರೀನ್ ರೆಸಿಸ್ಟರ್, ಅಂದರೆ ವಾಲ್ವಿನೊಳಗಿನ ಸ್ಕ್ರೀನ್ ಎಂಬ ಜಾಲರಿಗೆ ಕರೆಂಟು ಹಾಯಿಸುವುದು, ಕರಕಲು. ಓಮ್ ಎಷ್ಟೆಂದು ಹೇಳುವ ಬಣ್ಣದ ಪಟ್ಟಿಗಳಲ್ಲಿ ಹಳದಿ ಯಾವುದು, ನೇರಳೆ ಯಾವುದು ಎಂದು ತಿಳಿಯದಷ್ಟು ಕಪ್ಪು. ಮೊದಲ ಸಲ ಅದನ್ನಷ್ಟೇ ಬದಲಿಸಿದೆ. ಎರಡನೆಯ ಸಲ ವಾಲ್ವ್ ಕೆಟ್ಟಿದೆ ಎಂದು ತೀರ್ಪು ಕೊಟ್ಟು, ರಾಯರ ಖರ್ಚಿನಲ್ಲಿ ಹೊಸ ಜೋಡಿ ಹಾಕಿಸಿದೆ. ಹಳೆಯ ಎರಡನ್ನೂ ಅದಲುಬದಲು ಮಾಡಿದ್ದರೆ ದೋಷ ವಾಲ್ವಿನ ಜೊತೆ ಹೋಗುತ್ತದೆಯೋ ಬೇಸಿನಲ್ಲೇ ಉಳಿಯುತ್ತದೆಯೋ ತಿಳಿಯುತ್ತಿತ್ತು. ಶನಿವಾರದ ಡೆಲಿವರಿ, ಮಾಡಲಿಲ್ಲ. ಮೂರನೆಯ ಸಲದ ಜಾಣತನ ಹೇಳಿಕೊಳ್ಳಲು ನಾಚಿಕೆ: 1 ವಾಟಿನದನ್ನು ಕಿತ್ತು, ಹೆಚ್ಚು ಕಾವು ತಾಳುವ 5 ವಾಟಿನದನ್ನು ಕೂರಿಸಿದೆ. ಈಗ ಸುಡಲಿ ನೋಡೋಣ ಎಂದುಕೊಂಡೆ. ರೆಸಿಸ್ಟರ್ ಸುಡಲಿಲ್ಲ. ಹೊಸ ಇಎಲ್34 ಹೋಯಿತು.

ನಾಲ್ಕನೆಯ ಸಲ ರಾಯರು ಫೋನ್ ಮಾಡಿದರು. "ಆ ಕಬ್ಬಿಣವನ್ನು ಹೊತ್ತು ಟ್ಯಾಕ್ಸಿ ಹತ್ತುವ ವಯಸ್ಸಲ್ಲ ಮಾರಾಯರೆ, ನೀವೇ ಬನ್ನಿ."

ಮಾಟುಂಗಾ ರೋಡಿನಲ್ಲಿ ಇಳಿದು, ಝೆಡ್ ಬ್ರಿಜ್ ದಾಟಿ ಅವರ ಮನೆ ಸೇರಿದರೆ ಆಂಪ್ಲಿಫೈಯರ್ ಇದ್ದದ್ದು ಬಾಗಿಲಿರುವ ತೇಗದ ಕಪಾಟಿನೊಳಗೆ! ನಾನು ಅಂಗಡಿಯಲ್ಲಿ ಚಾಸಿಸನ್ನು ಬೋರಲು ಹಾಕಿ, ತಲೆಯ ಮೇಲೆ ಫ್ಯಾನ್ ತಿರುಗಿಸಿಕೊಂಡು ಒಂದು ಗಂಟೆ ಪರೀಕ್ಷಿಸಿ "ಓಕೆ" ಬರೆಯುತ್ತಿದ್ದವನು. ಎಲ್ಲಿ ಇಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಂಗಡಿಯ ಡ್ರಾಯರಿನಿಂದ ತಂದ ಹಳೆಯ ಜೋಡಿಯನ್ನು ಹಾಕಿ, ಗ್ರಿಡ್ ಪಿನ್ನಿಗೆ ವೈರ್ ಸಿಕ್ಕಿಸಿ ಮೀಟರನ್ನು ಹೊರಗಿಟ್ಟು ಕಪಾಟು ಮುಚ್ಚಿದೆ. ಮೈನಸ್ 36 ವೋಲ್ಟ್. ವಾಲ್ವಿನ ಕರೆಂಟನ್ನು ಹಿಡಿದಿಡುವುದು ಗ್ರಿಡ್ಡಿನ ಈ ಮೈನಸ್ಸೇ; ಅದು ಕಡಿಮೆಯಾದಷ್ಟೂ ಕರೆಂಟು ಏರುತ್ತದೆ. ಹತ್ತು ನಿಮಿಷ ಕಳೆದರೂ 36. ಕಾಫಿ ಬಂತು. ಲೋಟ ಕೆಳಗಿಡುವಾಗ 33. ಅರ್ಧ ಗಂಟೆಗೆ 27. ದೀಪ ಆರಿಸಿ ಬಾಗಿಲು ತೆರೆದೆ. ವಾಲ್ವಿನೊಳಗೆ ಕರೆಂಟು ಹೋಗಿ ಸೇರುವ ತಗಡಿನ, ಅಂದರೆ ಪ್ಲೇಟಿನ, ಬೆಸುಗೆಯ ಗೆರೆಯುದ್ದಕ್ಕೂ ಮಂಕು ಕೆಂಪು ಏರುತ್ತಿತ್ತು.

"ದಿನಾ ರಾತ್ರಿ ಹೀಗೇ ಹೊಳೆಯುತ್ತದೆ. ಚೆಂದ ಅಲ್ಲವೇ?" ಎಂದರು ರಾಯರು.

ಸ್ವಿಚ್ಚಿಗೆ ಹಾರಿದೆ. ಪ್ಲೇಟ್ ಕೆಂಪಾಯಿತೆಂದರೆ ವಾಲ್ವ್ ಬೆಂದು ಸಾಯುತ್ತಿದೆ ಎಂದರ್ಥ.

ಗ್ರಿಡ್ಡಿನ ಮೈನಸ್ ಹೀಗೆ ಕರಗುತ್ತಿದ್ದರೆ ಹೆಚ್ಚಾಗಿ ಕಳ್ಳರು ಇಬ್ಬರು: ನಿರ್ವಾತ ಕೆಟ್ಟು ಒಳಗೆ ಗ್ಯಾಸ್ ಸೇರಿದ ವಾಲ್ವ್, ಇಲ್ಲವೇ ಸಂಗೀತವನ್ನಷ್ಟೇ ದಾಟಿಸುವ ಬದಲು ಹಿಂದಿನ ಹಂತದ ಪ್ಲೇಟ್ ವೋಲ್ಟೇಜನ್ನೂ ಸೋರಗೊಡುವ ಕಪ್ಲಿಂಗ್ ಕಂಡೆನ್ಸರ್. ಕಂಡೆನ್ಸರನ್ನು ನಾನು ಮೊದಲ ದಿನವೇ ಅಳೆದಿದ್ದೆ. 0.22 ಮೈಕ್ರೋಫ್ಯಾರಡ್, ಚೊಕ್ಕ. ಆದರೆ ಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ, ತಣ್ಣಗಿರುವಾಗ. ಸರ್ಕ್ಯೂಟಿನಲ್ಲಿ ಅದರ ಮೇಲೆ ಬೀಳುವುದು 200ಕ್ಕೂ ಹೆಚ್ಚು, ಪಕ್ಕದಲ್ಲೇ ವಾಲ್ವಿನ ಕಾವು ಬೇರೆ. ಸಪ್ಲೈ ಕಂಡೆನ್ಸರುಗಳನ್ನು ಡಿಸ್ಚಾರ್ಜ್ ಮಾಡಿ, ಆ ಚಾನೆಲಿನ ಎರಡೂ ವಾಲ್ವುಗಳನ್ನು ಕಿತ್ತು, ಸೆಟ್ಟನ್ನು ಮಗ್ಗುಲಿಗೆ ಮಲಗಿಸಿದೆ. ರಾಯರ ಸೊಸೆಯ ಹೇರ್ ಡ್ರೈಯರ್ ಕೇಳಿದಾಗ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಮತ್ತೆ ಕರೆಂಟು ಕೊಟ್ಟು, ಶಾಕ್ ಎದೆಯ ಮೂಲಕ ಹಾಯದಿರಲೆಂದು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡು, ಕಂಡೆನ್ಸರಿನ ಮೇಲೆ ಬಿಸಿಗಾಳಿ ಬಿಟ್ಟೆ. ಬೇಸಿನಲ್ಲಿ ವಾಲ್ವೇ ಇಲ್ಲ. ಆದರೂ 36 ಇದ್ದದ್ದು ಐದು ನಿಮಿಷದಲ್ಲಿ 21. ಗಾಳಿ ನಿಲ್ಲಿಸಿದೆ, ಮೆಲ್ಲಗೆ ಹಿಂದಕ್ಕೆ ಹೋಯಿತು. ಇನ್ನೊಮ್ಮೆ ಬಿಟ್ಟೆ, ಇನ್ನೊಮ್ಮೆ ಇಳಿಯಿತು. ಕಳ್ಳ ಕಂಡೆನ್ಸರೇ. ಪಾಪದ ರೆಸಿಸ್ಟರ್ ಮೂರು ಸಲ ತಾನು ಸತ್ತು ವಾಲ್ವನ್ನು ಉಳಿಸಿತ್ತು. 5 ವಾಟಿನದನ್ನು ಹಾಕಿ ಅದರ ಬಾಯಿ ಮುಚ್ಚಿಸಿದವನು ನಾನು.

630 ವೋಲ್ಟಿನ ಹೊಸ ಕಂಡೆನ್ಸರ್, ಮತ್ತೆ 1 ವಾಟಿನ ರೆಸಿಸ್ಟರ್, ಕಪಾಟಿನ ಹಿಂಬದಿಗೆ ಗಾಳಿಯಾಡಲು ತೂತುಗಳು. ಅಲ್ಲಿಗೆ ಮುಗಿಯಿತು. ಈಗ ವಾಲ್ವ್ ಸೆಟ್ ಬಂದರೆ ನಾನು ಫ್ಯಾನ್ ಆರಿಸಿ, ತಗಡಿನ ಮುಚ್ಚಳ ಹಾಕಿ ಎರಡು ಗಂಟೆ ಓಡಿಸುತ್ತೇನೆ. ಪಕ್ಕದ ಮೇಜಿನ ಹುಡುಗರು ಬೆವರು ಒರೆಸಿಕೊಳ್ಳುತ್ತ ಶಪಿಸುತ್ತಾರೆ. ಆ ಹೊಸ ಜೋಡಿಯ ಹಣವನ್ನು ರಾಯರಿಗೆ ಹಿಂದಿರುಗಿಸಲು ಸೇಠ್ ತಕ್ಷಣ ಒಪ್ಪಿದರು. ನನ್ನ ಸಂಬಳದಿಂದ.