ಟ್ರೇಡಿಂಗ್ ಬಿಟ್ಟು ತಿಂಗಳ ಸಂಬಳಕ್ಕೆ ವಾಪಸ್ ಬಂದ ಲೆಕ್ಕ

ಷೇರು ಮಾರ್ಕೆಟ್ ಟ್ರೇಡಿಂಗಲ್ಲೇ ಜೀವನ ಮಾಡ್ತೀನಿ ಅಂತ ಕೆಲಸ ಬಿಟ್ಟವರು ಮತ್ತೆ ಕೆಲಸಕ್ಕೆ ಸೇರಿದ್ರು ಅಂದ್ರೆ ಜನ ಕೇಳೋದು ಒಂದೇ ಪ್ರಶ್ನೆ, ಎಷ್ಟು ಕಳ್ಕೊಂಡ್ರಿ ಅಂತ. ನನ್ನನ್ನೂ ಅದನ್ನೇ ಕೇಳಿದ್ರು, ಇನ್ನೂ ಕೇಳ್ತಾನೇ ಇದಾರೆ. ಟ್ರೇಡ್ ಲೆಕ್ಕ ಒಂದನ್ನೇ ತಗೊಂಡ್ರೆ ನಾನು ಕಳ್ಕೊಂಡಿಲ್ಲ, ಬ್ರೋಕರೇಜು ಟ್ಯಾಕ್ಸು ಎಲ್ಲಾ ಕಳೆದು ಸ್ವಲ್ಪ ಲಾಭದಲ್ಲೇ ಇದ್ದೆ, ಆದ್ರೂ ವಾಪಸ್ ಬಂದೆ. ಇದನ್ನ ಬರೀಬೇಕು ಅನ್ಸಿದ್ದು ಯಾಕಂದ್ರೆ ಎಲ್ಲಾ ಕಳ್ಕೊಂಡವರ ಕತೆ ಬೇಕಾದಷ್ಟು ಸಿಗುತ್ತೆ, ದೊಡ್ಡ ದುಡ್ಡು ಮಾಡಿದವರ ಕತೆ ಅದಕ್ಕಿಂತ ಜಾಸ್ತಿ ಸಿಗುತ್ತೆ, ಆದ್ರೆ ಮಧ್ಯದಲ್ಲಿ ಇರೋರು, ಅಂದ್ರೆ ಗೆದ್ರೂ ಮನೆ ನಡೆಸೋಕೆ ಸಾಲದವರು, ಸದ್ದಿಲ್ಲದೆ ರೆಸ್ಯೂಮ್ ಅಪ್ಡೇಟ್ ಮಾಡ್ಕೊಂಡು ಹೋಗ್ಬಿಡ್ತಾರೆ.

ಲೆಕ್ಕ ಹೀಗಿದೆ. ನಿಮ್ಮ ಒಂದು ತಿಂಗಳ ಮನೆ ಖರ್ಚನ್ನ 1 ಅಂತ ಇಟ್ಕೊಳ್ಳಿ, ಕ್ಯಾಪಿಟಲ್ (ಟ್ರೇಡಿಂಗ್‌ಗೆ ಇಟ್ಟಿರೋ ದುಡ್ಡು) 50 ಇದೆ ಅಂದ್ಕೊಳ್ಳಿ, ಅಂದ್ರೆ ನಾಲ್ಕು ವರ್ಷಕ್ಕೂ ಮೀರಿದ ಖರ್ಚಿನಷ್ಟು ದುಡ್ಡು, ಇದು ಕಮ್ಮಿ ಏನಲ್ಲ. ಖರ್ಚಿಗೆ ಅಂತ ತಿಂಗಳಿಗೆ 1 ತೆಗೀಬೇಕು ಅಂದ್ರೆ ಪ್ರತಿ ತಿಂಗಳೂ 2% ದುಡೀಬೇಕು, ಅದೂ ಕ್ಯಾಪಿಟಲ್ ಒಂದು ಚೂರೂ ಬೆಳೀದೆ ಇದ್ದಲ್ಲೇ ಇರೋಕೆ. ಕೇಳೋಕೆ 2% ಸಣ್ಣದು. ಈಗ ಒಂದು ತಿಂಗಳು 10% ನಷ್ಟ ಆಯ್ತು ಅನ್ನಿ, 50 ಇದ್ದಿದ್ದು 45 ಆಯ್ತು, ಖರ್ಚು ಮಾತ್ರ ನಿಲ್ಲಲ್ವಲ್ಲ, 1 ತೆಗೆದ್ರೆ 44. ಮುಂದಿನ ತಿಂಗಳು ಖರ್ಚಿಗೂ ತೆಗೆದು ಮತ್ತೆ 50ಕ್ಕೆ ಬಂದು ನಿಲ್ಲಬೇಕು ಅಂದ್ರೆ ಸುಮಾರು 16% ಲಾಭ ಬೇಕು. 10% ಬಿದ್ದಿದ್ದಕ್ಕೆ 16% ಹತ್ತಬೇಕು. ಸಂಬಳ ಇರೋನಿಗೆ ಅದೇ 10% ಬಿದ್ರೆ 11% ಹತ್ರ ಬಂದ್ರೆ ಸಾಕು, ಅದೂ ಒಂದೇ ತಿಂಗಳಲ್ಲಿ ಬರಬೇಕು ಅಂತೇನೂ ಇಲ್ಲ, ಆರು ತಿಂಗಳಾದ್ರೂ ಅವನು ಕಾಯಬಹುದು. ಮಾರ್ಕೆಟ್ ಅದೇ, ಟ್ರೇಡೂ ಅದೇ, ಆದ್ರೆ ಒಬ್ಬನ ಕ್ಯಾಪಿಟಲ್ ಮಾತ್ರ ಕರಗ್ತಾ ಇರುತ್ತೆ. ಬಿತ್ತನೆ ಬೀಜವನ್ನೇ ಕುಟ್ಟಿ ಉಂಡ ಹಾಗೆ ಇದು, ಮುಂದಿನ ಬೆಳೆ ಎಷ್ಟೇ ಚೆನ್ನಾಗಿ ಬಂದ್ರೂ ಬಿತ್ತೋಕೇ ಬೀಜ ಕಮ್ಮಿ.

ನಷ್ಟದ ತಿಂಗಳು ಬರಲ್ಲ ಅಂತ ಯಾರೂ ಅಂದ್ಕೋಬಾರದು. 55% ಸಲ ಗೆಲ್ಲೋ ಪದ್ಧತಿ ನಿಮ್ಮ ಕೈಲಿದ್ರೂ ಒಂದು 250 ಟ್ರೇಡ್ ಒಳಗೆ ಎಲ್ಲೋ ಒಂದು ಕಡೆ ಸಾಲಾಗಿ 6 ಟ್ರೇಡ್ ಸೋಲೋ ಸಾಧ್ಯತೆ, ಸೋಲದೇ ಇರೋ ಸಾಧ್ಯತೆಗಿಂತ ಜಾಸ್ತಿ. ಅದು ಪದ್ಧತಿಯ ತಪ್ಪಲ್ಲ, ಸಂಖ್ಯೆಗಳ ಸ್ವಭಾವನೇ ಹಾಗೆ. ಆದ್ರೆ ಆ ಆರು ಸೋಲು ಬಾಡಿಗೆ ಕಟ್ಟೋ ವಾರದಲ್ಲೇ ಬಂದ್ರೆ ಅದನ್ನ ಸ್ವಭಾವ ಅಂತ ತಗೊಳ್ಳೋ ಮನಸ್ಸು ಯಾರಿಗಿರುತ್ತೆ ಹೇಳಿ.

ಬ್ರೆಜಿಲ್‌ನ ಸಂಶೋಧಕರು ಮಾಡಿದ ಒಂದು ಅಧ್ಯಯನ ಇದೆ, ಕೆಲಸ ಬಿಡೋಕೆ ಮುಂಚೆ ಎಲ್ಲರೂ ಓದಬೇಕು. 2013ರಿಂದ 2015ರ ಮಧ್ಯೆ ಅಲ್ಲಿನ ಫ್ಯೂಚರ್ಸ್ ಮಾರ್ಕೆಟ್ಟಲ್ಲಿ (ಮುಂದಿನ ತಾರೀಕಿನ ವಹಿವಾಟಿಗೆ ಈಗಲೇ ಬೆಲೆ ಒಪ್ಕೊಳ್ಳೋ ಕಡೆ) ಡೇ ಟ್ರೇಡಿಂಗ್, ಅಂದ್ರೆ ಕೊಂಡಿದ್ದನ್ನ ಅದೇ ದಿನ ಮಾರಿ ಮುಗಿಸೋದು, ಶುರು ಮಾಡಿದವರನ್ನ ಹಿಂಬಾಲಿಸಿ ನೋಡಿದ್ರು. 300 ದಿನಕ್ಕಿಂತ ಹೆಚ್ಚು ಬಿಡದೆ ಟ್ರೇಡ್ ಮಾಡಿದವರಲ್ಲಿ 97% ಜನ ನಷ್ಟದಲ್ಲಿದ್ರು. ಎಲ್ಲರೂ ಹೇಳೋದು ಈ 97ರ ಬಗ್ಗೆ, ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಉಳಿದ 3%. ಲಾಭ ಮಾಡಿದವರು ಅಂತ ಇರೋ ಆ ಮೂರರಲ್ಲೂ ಆ ದೇಶದ ಕನಿಷ್ಠ ವೇತನಕ್ಕಿಂತ ಜಾಸ್ತಿ ದುಡಿದವರು ಒಟ್ಟು ಲೆಕ್ಕದಲ್ಲಿ ಬರೀ 1.1%, ಬ್ಯಾಂಕ್ ಕೌಂಟರಲ್ಲಿ ಕೂರೋರ ಮೊದಲ ಸಂಬಳ ದಾಟಿದವರು 0.5%. ಅಂದ್ರೆ ಲಾಭದಲ್ಲಿ ಇರೋದು ಬೇರೆ, ಆ ಲಾಭದಲ್ಲಿ ಬದುಕೋದು ಬೇರೆ. ತೈವಾನ್‌ನಲ್ಲಿ 1992ರಿಂದ 2006ರವರೆಗಿನ ಲೆಕ್ಕ ತೆಗೆದಾಗಲೂ ಖರ್ಚು ಕಳೆದು ನಂಬಿಕೊಳ್ಳೋ ಹಾಗೆ ಮತ್ತೆ ಮತ್ತೆ ಗೆಲ್ಲೋ ಡೇ ಟ್ರೇಡರ್‌ಗಳು 1%ಗಿಂತ ಕಮ್ಮಿ ಅಂತ ಬಂತು. ನಾನು ಈ ಎರಡನ್ನೂ ಓದಿ ನನ್ನ ಟ್ರೇಡ್ ಜರ್ನಲ್ (ಪ್ರತಿ ಟ್ರೇಡನ್ನೂ ಬರೆದಿಡೋ ಪುಸ್ತಕ) ಪಕ್ಕದಲ್ಲಿ ಇಟ್ಕೊಂಡು ಕೂತಾಗ ಗೊತ್ತಾಗಿದ್ದು, ನಾನು ಆ 3%ರೊಳಗೇ ಇದೀನಿ, ಆದ್ರೆ ಆ 1.1%ರೊಳಗೆ ಇಲ್ಲ ಅಂತ.

ದುಡ್ಡಿನ ಲೆಕ್ಕಕ್ಕಿಂತ ನನಗೆ ಮುಖ್ಯ ಅನ್ಸೋದು ಆ ಅಗತ್ಯ ಸ್ಕ್ರೀನ್ ಮುಂದೆ ಏನು ಮಾಡುತ್ತೆ ಅನ್ನೋದು. ಒಂದು ಪೊಸಿಷನ್ ಓಪನ್ ಇದೆ, ಅಂದ್ರೆ ಟ್ರೇಡ್ ಇನ್ನೂ ಮುಗಿದಿಲ್ಲ, ಸ್ಟಾಪ್ ಲಾಸ್ (ನಷ್ಟ ಇಷ್ಟಾದ್ರೆ ತಾನಾಗೇ ಹೊರಗೆ ಬರೋ ಆರ್ಡರ್) ಹಾಕಿದೆ, ಲಾಭ ತಗೊಳ್ಳೋ ಟಾರ್ಗೆಟ್ ರಿಸ್ಕಿನ ಮೂರರಷ್ಟು ದೂರದಲ್ಲಿದೆ, ಬೆಲೆ ಅರ್ಧ ದಾರಿ ಬಂದಿದೆ, ಚಾರ್ಟಲ್ಲಿ ಹೊರಗೆ ಬರೋಕೆ ಒಂದೂ ಕಾರಣ ಇಲ್ಲ. ಆದ್ರೆ ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ಕಾಣ್ತಿರೋ ಲಾಭ ಈ ತಿಂಗಳು ಬಾಕಿ ಇರೋ ಸಾಲದ ಕಂತಿಗೆ ಸರಿಯಾಗಿದೆ. ಆ ಕ್ಷಣದಲ್ಲಿ ನೀವು ನೋಡ್ತಿರೋದು ಚಾರ್ಟ್ ಅಲ್ಲ, ಕಂತು. ಎಕ್ಸಿಟ್ ಒತ್ತಿದ್ರೆ ನೆಮ್ಮದಿ, ಒತ್ತದೆ ಇದ್ರೆ ಎದೆ ಡವಡವ. ಗೆಲ್ತಿರೋದನ್ನ ಬೇಗ ಮಾರೋದು, ಸೋಲ್ತಿರೋದನ್ನ ಇಟ್ಕೊಂಡು ಕೂರೋದು ಮನುಷ್ಯನ ಗುಣ ಅಂತ ಶೆಫ್ರಿನ್ ಮತ್ತೆ ಸ್ಟಾಟ್‌ಮನ್ ಅನ್ನೋ ಸಂಶೋಧಕರು 1985ರಲ್ಲೇ ಬರೆದಿದಾರೆ, ಆ ಗುಣಕ್ಕೆ ಮನೆ ಖರ್ಚು ಸೇರಿಕೊಂಡ್ರೆ ಎಷ್ಟೇ ಶಿಸ್ತು ಇದ್ರೂ ಅದು ಪ್ರತಿ ದಿನ ಜಗ್ಗಾಟ. ಶಿಸ್ತು ಇಲ್ಲದವರು ಸೋಲ್ತಾರೆ ಅಂತ ಕೋರ್ಸ್ ಮಾರೋರು ಹೇಳ್ತಾರಲ್ಲ, ಆ ಮಾತು ನನಗೆ ಒಪ್ಪಿಗೆ ಇಲ್ಲ. ಶಿಸ್ತು ಇರೋರೂ ಸುಸ್ತಾಗ್ತಾರೆ. ಮಾರ್ಕೆಟ್ ತಿಂಗಳಿಗೆ ಸರಿಯಾಗಿ ದುಡ್ಡು ಕೊಡೋ ಜಾಗ ಅಲ್ಲ, ಅದು ಎಂಟು ತಿಂಗಳು ಏನೂ ಕೊಡದೆ ಎರಡು ತಿಂಗಳಲ್ಲಿ ಎಲ್ಲಾ ಕೊಡಬಹುದು, ಕೊಡದೇನೂ ಇರಬಹುದು, ಅದರ ಹತ್ರ ಹೋಗಿ ಒಂದನೇ ತಾರೀಕು ಕೈ ಚಾಚೋದು ಸರಿಯಾದ ಸಂಬಂಧನೇ ಅಲ್ಲ.

ಹೀಗಾಗಿ ಕೆಲಸ ಹುಡುಕೋಕೆ ಶುರು ಮಾಡಿದೆ. ಕ್ಯಾಪಿಟಲ್ ಇನ್ನೂ ಚೆನ್ನಾಗಿರುವಾಗಲೇ ಹುಡುಕಿದ್ದು ಒಳ್ಳೇದಾಯ್ತು, ಯಾಕಂದ್ರೆ ಕೈಲಿ ದುಡ್ಡು ಇದ್ರೆ ಬಂದ ಮೊದಲ ಆಫರ್‌ಗೆ ತಲೆ ಆಡಿಸಬೇಕಾಗಿಲ್ಲ. ಅಕೌಂಟ್ ಪೂರ್ತಿ ಖಾಲಿ ಆಗೋವರೆಗೂ ಕಾಯೋರನ್ನ ನೋಡಿದೀನಿ, ಇನ್ನೊಂದು ತಿಂಗಳು ನೋಡೋಣ ಇನ್ನೊಂದು ತಿಂಗಳು ನೋಡೋಣ ಅಂತ, ಅವರ ಬಗ್ಗೆ ನೆನೆಸಿಕೊಂಡ್ರೆ ಈಗಲೂ ಸಂಕಟ ಆಗುತ್ತೆ.

ಎಲ್ಲರಿಗೂ ಹೆದರಿಕೆ ಇರೋದು ರೆಸ್ಯೂಮಲ್ಲಿರೋ ಗ್ಯಾಪ್ ಬಗ್ಗೆ. ನಾನು ಅದನ್ನ ಮುಚ್ಚಿಡಲಿಲ್ಲ, ಕನ್ಸಲ್ಟಿಂಗ್ ಅಂತ ಹೆಸರೂ ಕೊಡಲಿಲ್ಲ, ಸ್ವಂತ ದುಡ್ಡಲ್ಲಿ ಪೂರ್ಣಾವಧಿ ಟ್ರೇಡಿಂಗ್ ಅಂತಲೇ ಬರೆದೆ, ಕೆಳಗೆ ಏನೇನು ಮಾಡಿದೆ ಅಂತ ಎರಡು ಸಾಲು, ದಿನದ ಲೆಕ್ಕ ಇಟ್ಟಿದ್ದು, ಹಳೇ ಡೇಟಾ ಮೇಲೆ ಪದ್ಧತಿ ಪರೀಕ್ಷೆ ಮಾಡಿದ್ದು, ಅದಕ್ಕೆ ಬೇಕಾದಷ್ಟು ಪೈಥಾನ್ ಕಲಿತಿದ್ದು. ಎಷ್ಟು ಪರ್ಸೆಂಟ್ ರಿಟರ್ನ್ ಬಂತು ಅಂತ ಬರೀಲಿಲ್ಲ, ಬರೀಬಾರದು ಅಂತಲೇ ನನ್ನ ಅಭಿಪ್ರಾಯ, ಬರೆದ್ರೆ ಮಾತೆಲ್ಲ ಅದರ ಸುತ್ತಲೇ ಹೋಗುತ್ತೆ. ಒಂದು ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ನೇರವಾಗಿ ಕೇಳಿದ್ರು, "ನೋಡಿ, ಮಾರ್ಕೆಟ್ ಮತ್ತೆ ಮೇಲೆ ಹೋದ್ರೆ ನೀವು ಮತ್ತೆ ಬಿಟ್ಟು ಹೋಗ್ತೀರಲ್ವಾ?" ಅವರ ನಿಜವಾದ ಪ್ರಶ್ನೆ ಅದೊಂದೇ, ಬೇರೆ ಪ್ರಶ್ನೆಗಳೆಲ್ಲ ಅದರ ಸುತ್ತ ಮುತ್ತ. ನಾನು ಹೇಳಿದೆ, "ಇಲ್ಲ ಸರ್, ಮಾರ್ಕೆಟ್ ಮೇಲಿದ್ದಾಗಲೇ ನಾನು ಕೆಲಸ ಹುಡುಕ್ತಿರೋದು, ನನಗೆ ಬೇಕಾಗಿರೋದು ಪ್ರತಿ ತಿಂಗಳು ಬರೋ ಆದಾಯ, ಅದು ಅಲ್ಲಿ ಸಿಗಲ್ಲ ಅಂತ ಲೆಕ್ಕ ಹಾಕಿ ನೋಡಿದೀನಿ." ಅವರು ಆ ಲೆಕ್ಕ ಏನು ಅಂತ ಕೇಳಿದ್ರು, ಮೇಲೆ ಬರೆದಿರೋ 50 ಮತ್ತೆ 1ರ ಲೆಕ್ಕವನ್ನೇ ಬಿಳಿ ಹಾಳೆ ಮೇಲೆ ಬರೆದು ತೋರಿಸಿದೆ, ಆಮೇಲೆ ಮಾತು ಸಲೀಸಾಯ್ತು. ಇನ್ನೊಂದು ವಿಷಯ, ಬ್ಯಾಂಕು ಫಂಡು ಇಂಥ ಕಡೆ ಸೇರೋರು ಸ್ವಂತ ಟ್ರೇಡಿಂಗ್ ಬಗ್ಗೆ ಅವರ ನಿಯಮ ಏನಿದೆ ಅಂತ ಆಫರ್ ಒಪ್ಕೊಳ್ಳೋ ಮುಂಚೆನೇ ಕೇಳಿ, ಎಷ್ಟೋ ಕಡೆ ಮೊದಲೇ ಅನುಮತಿ ತಗೋಬೇಕು, ಕೊಂಡಿದ್ದನ್ನ ಇಂತಿಷ್ಟು ದಿನ ಇಟ್ಕೊಂಡಿರಬೇಕು ಅಂತೆಲ್ಲ ಇರುತ್ತೆ.

ಕೆಲಸಕ್ಕೆ ಸೇರಿದ ಮೇಲೆ ರಜೆ ಕೇಳೋದು, ಮೀಟಿಂಗಲ್ಲಿ ಕೂರೋದು, ಇದೆಲ್ಲ ಕಷ್ಟ ಆಗುತ್ತೆ ಅಂದ್ಕೊಂಡಿದ್ದೆ, ಹಾಗೇನೂ ಆಗಲಿಲ್ಲ. ನಿಜವಾಗಿ ಹೊಸದು ಅನ್ಸಿದ್ದು ದುಡಿಮೆಗೂ ಫಲಕ್ಕೂ ಮತ್ತೆ ನೆಂಟಸ್ತನ ಬೆಳೆದಿದ್ದು. ಟ್ರೇಡಿಂಗಲ್ಲಿ ನೀವು ಎಲ್ಲಾ ಸರಿ ಮಾಡಿದ ದಿನವೂ ನಷ್ಟ ಆಗುತ್ತೆ, ಏನೇನೋ ಮಾಡಿದ ದಿನ ಲಾಭ ಬರುತ್ತೆ, ಚೆನ್ನಾಗಿ ಮಾಡಿದೆನಾ ಇಲ್ವಾ ಅಂತ ಹೇಳೋಕೆ ನೂರಾರು ಟ್ರೇಡ್ ಆಗಬೇಕು. ಆಫೀಸಲ್ಲಿ ಎರಡನೇ ವಾರವೋ ಮೂರನೇ ವಾರವೋ, ಟೀಮಿನ ಒಬ್ಬ ಹುಡುಗಿ ಲ್ಯಾಪ್‌ಟಾಪ್ ತಗೊಂಡು ಬಂದು "ಸರ್, ಈ ಶೀಟ್ ಟ್ಯಾಲಿ ಆಗ್ತಾ ಇಲ್ಲ, ಒಂದ್ಸಲ ನೋಡ್ತೀರಾ" ಅಂದ್ಲು. ಇಬ್ರೂ ಸಾಲು ಸಾಲಾಗಿ ನೋಡ್ತಾ ಹೋದ್ವಿ, ಒಂದು ಎಂಟ್ರಿ ಎರಡು ಸಲ ಬಂದಿತ್ತು, ತಾರೀಕು ಮಾತ್ರ ಬೇರೆ, ಅದನ್ನ ತೆಗೆದ ತಕ್ಷಣ ಕೆಳಗಿನ ವ್ಯತ್ಯಾಸ ಸೊನ್ನೆ ಆಯ್ತು. ಅವಳು ಥ್ಯಾಂಕ್ಸ್ ಹೇಳಿ ಹೋದ್ಲು. ಅಷ್ಟೇ ನಡೆದಿದ್ದು, ಆದ್ರೆ ತಪ್ಪು ಹುಡುಕಿದ್ರೆ ಸಿಗುತ್ತೆ, ಸರಿ ಮಾಡಿದ್ರೆ ಸರಿ ಆಗುತ್ತೆ, ಅದರಿಂದ ಇನ್ನೊಬ್ಬರ ಕೆಲಸ ಮುಂದೆ ಹೋಗುತ್ತೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಒಬ್ಬನೇ ರೂಮಲ್ಲಿ ವರ್ಷಗಟ್ಟಲೆ ಚಾರ್ಟ್ ನೋಡಿದವರಿಗೆ ಮಾತ್ರ ಗೊತ್ತು. ಟ್ರೇಡಿಂಗಲ್ಲಿ ಗೆದ್ದಾಗ ಹೇಳಿಕೊಳ್ಳೋಕೆ ಯಾರೂ ಇರಲ್ಲ, ಸೋತಾಗಲಂತೂ ಮನೆಯವರ ಮುಖ ನೋಡಿ ಹೇಳೋಕೇ ಆಗಲ್ಲ. ಈ ಒಂಟಿತನದ ಬಗ್ಗೆ ಯಾರೂ ಯಾಕೆ ಮಾತಾಡಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಟ್ರೇಡಿಂಗ್ ಪೂರ್ತಿ ಬಿಟ್ರಾ ಅಂತಾನೂ ಕೇಳ್ತಾರೆ. ಬಿಟ್ಟಿಲ್ಲ, ರೀತಿ ಬದಲಾಗಿದೆ. ಇಂಟ್ರಾಡೇ, ಅಂದ್ರೆ ಡೇ ಟ್ರೇಡಿಂಗ್, ನಿಲ್ಲಿಸಿದೀನಿ, ಆಫೀಸ್ ಟೈಮಲ್ಲಿ ಫೋನಲ್ಲಿ ಬೆಲೆ ನೋಡಲ್ಲ, ಆಪನ್ನೇ ತೆಗೆದುಹಾಕಿದೀನಿ. ರಾತ್ರಿ ದಿನದ ಚಾರ್ಟ್ ನೋಡಿ ಬೇಕಾದ್ರೆ ಆರ್ಡರ್ ಮತ್ತೆ ಸ್ಟಾಪ್ ಎರಡನ್ನೂ ಹಾಕಿ ಮಲಗ್ತೀನಿ, ಒಂದು ಟ್ರೇಡಲ್ಲಿ ಕ್ಯಾಪಿಟಲ್ಲಿನ ಅರ್ಧ ಪರ್ಸೆಂಟಿಗಿಂತ ಹೆಚ್ಚು ರಿಸ್ಕ್ ಇಲ್ಲ. ವಾರಗಟ್ಟಲೆ ಏನೂ ಮಾಡದೆ ಇರ್ತೀನಿ. ಹಿಂದೆ ಈ ಏನೂ ಮಾಡದೆ ಇರೋದು ಸಾಧ್ಯನೇ ಇರಲಿಲ್ಲ, ಯಾಕಂದ್ರೆ ಟ್ರೇಡ್ ಇಲ್ಲದ ದಿನ ಅಂದ್ರೆ ಸಂಬಳ ಇಲ್ಲದ ದಿನ. ಬ್ರಾಡ್ ಬಾರ್ಬರ್ ಮತ್ತೆ ಟೆರನ್ಸ್ ಓಡೀನ್ ಅನ್ನೋ ಸಂಶೋಧಕರು 1991ರಿಂದ 1996ರವರೆಗಿನ ಅಮೆರಿಕದ 66,000ಕ್ಕೂ ಹೆಚ್ಚು ಕುಟುಂಬಗಳ ಅಕೌಂಟ್ ನೋಡಿದಾಗ ಅತಿ ಹೆಚ್ಚು ಟ್ರೇಡ್ ಮಾಡಿದವರಿಗೆ ವರ್ಷಕ್ಕೆ 11.4% ಸಿಕ್ಕಿತ್ತು, ಅದೇ ಹೊತ್ತಲ್ಲಿ ಮಾರ್ಕೆಟ್ ಕೊಟ್ಟಿದ್ದು 17.9%. ಸುಮ್ನೆ ಕೂರೋಕೂ ಒಂದು ಆದಾಯ ಬೇಕು, ನನಗೆ ಅದು ಈಗ ಇದೆ.

ಸದ್ಯಕ್ಕೆ ಸಂಬಳದಿಂದ ಟ್ರೇಡಿಂಗ್ ಅಕೌಂಟಿಗೆ ಒಂದು ಪೈಸಾನೂ ಹಾಕ್ತಿಲ್ಲ. ಮೊದಲು ಆರು ತಿಂಗಳ ಖರ್ಚು ಬೇರೆ ಅಕೌಂಟಲ್ಲಿ ಸೇರಬೇಕು, ಸಾಲದ ಕಂತು ಒಂದೆರಡು ಮುಂಚಿತವಾಗಿ ಕಟ್ಟಬೇಕು. ಅದು ಆದ ಮೇಲೆ ಅಕೌಂಟಿಗೆ ಏನಾದ್ರೂ ಸೇರಿಸಬೇಕಾ ಬೇಡ್ವಾ ಅಂತ ಮನೆಯವಳ ಜೊತೆ ಕೂತು ಮಾತಾಡ್ತೀನಿ, ಈ ಸಲ ಅವಳೂ ಜರ್ನಲ್ ನೋಡ್ತೀನಿ ಅಂದಿದಾಳೆ.