ಕ್ಷಿಪಣಿಯನ್ನು ತಡೆಯಬಲ್ಲೆವಾದರೆ ಅಣುಬಾಂಬನ್ನು ತ್ಯಜಿಸಬಾರದೇಕೆ?

ರಾತ್ರಿಯ ಆಕಾಶದಲ್ಲಿ ಕ್ಷಿಪಣಿಯನ್ನು ಕ್ಷಿಪಣಿಯೇ ಹೊಡೆದುರುಳಿಸುವ ದೃಶ್ಯ ಸುದ್ದಿಯಲ್ಲಿ ಬಂದಾಗಲೆಲ್ಲ ನನ್ನನ್ನು ಯಾರಾದರೊಬ್ಬರು ಕೇಳುತ್ತಾರೆ: “ಬರುವ ಕ್ಷಿಪಣಿಯನ್ನು ದಾರಿಯಲ್ಲೇ ತಡೆಯುವ ವಿದ್ಯೆ ಕೈಗೆ ಬಂದ ಮೇಲೆ ಅಣ್ವಸ್ತ್ರಕ್ಕೆ ಬೆಲೆ ಎಲ್ಲುಳಿಯಿತು? ಎಲ್ಲ ದೇಶಗಳೂ ಒಂದೊಂದು ಗುರಾಣಿ ಕಟ್ಟಿಕೊಂಡು ಬಾಂಬುಗಳನ್ನು ಬಿಟ್ಟುಬಿಡಬಹುದಲ್ಲ?” ಈ ಪ್ರಶ್ನೆಯ ಹಿಂದಿರುವ ಸದಾಶಯವನ್ನು ಒಪ್ಪುತ್ತಲೇ ನಾನು ಕೊಡುವ ಉತ್ತರ ತಿರುವುಮುರುವಾಗಿರುತ್ತದೆ. ಗುರಾಣಿ ಮೊದಲು ಬಂದರೆ ಬಾಂಬುಗಳು ಹೆಚ್ಚುತ್ತವೆ. ಬಾಂಬುಗಳು ಮೊದಲು ಕಡಿಮೆಯಾದರೆ ಮಾತ್ರ ಗುರಾಣಿಗೆ ಅರ್ಥ ಬರುತ್ತದೆ.

ಸುದ್ದಿಯಲ್ಲಿ ನಾವು ಹೆಚ್ಚಾಗಿ ನೋಡುವ ಇಸ್ರೇಲಿನ ಐರನ್ ಡೋಮ್ ವ್ಯವಸ್ಥೆ ಹತ್ತಾರು ಕಿಲೋಮೀಟರ್ ದೂರದಿಂದ ಹಾರಿಬರುವ ರಾಕೆಟ್‌ಗಳಿಗಾಗಿ ಮಾಡಿದ್ದು. ಖಂಡಾಂತರ ಕ್ಷಿಪಣಿಯ ಮಾತೇ ಬೇರೆ. ಅದರ ಪಯಣ ಸುಮಾರು 30 ನಿಮಿಷದ್ದು, ವೇಗ ಸೆಕೆಂಡಿಗೆ ಸುಮಾರು 7 ಕಿಲೋಮೀಟರ್, ದಾರಿಯ ಬಹುಭಾಗ ಗಾಳಿಯೇ ಇಲ್ಲದ ಬಾಹ್ಯಾಕಾಶದಲ್ಲಿ. ತೊಡಕಿರುವುದು ಆ ನಿರ್ವಾತದಲ್ಲಿಯೇ. ಗಾಳಿಯ ತಡೆ ಇಲ್ಲದ ಕಡೆ ನೂರಾರು ಕಿಲೋ ತೂಕದ ಸಿಡಿತಲೆಯೂ (ಕ್ಷಿಪಣಿ ಹೊತ್ತೊಯ್ಯುವ ಬಾಂಬು) ಅದರ ಜೊತೆಗೆ ಬಿಟ್ಟ ಹಗುರವಾದ ಬಲೂನೂ ಒಂದೇ ವೇಗದಲ್ಲಿ, ಒಂದೇ ಪಥದಲ್ಲಿ ಸಾಗುತ್ತವೆ. ಸಿಡಿತಲೆಯನ್ನೇ ಒಂದು ಬಲೂನಿನೊಳಗೆ ಅಡಗಿಸಿಟ್ಟರೆ ಯಾವುದು ಹುಸಿ, ಯಾವುದು ನಿಜ ಎಂದು ರಾಡಾರ್ ಹೇಳುವುದು ಬಹಳ ಕಷ್ಟ. ವಾತಾವರಣಕ್ಕೆ ಮರಳಿದಾಗ ಹಗುರವಾದವು ಹಿಂದುಳಿದು ಗುಟ್ಟು ಬಯಲಾಗುತ್ತದೆ, ನಿಜ. ಆದರೆ ಆಗ ಉಳಿದಿರುವುದು ಕೆಲವೇ ಕ್ಷಣ. ಉಡಾವಣೆಯ ಹೊತ್ತಿನಲ್ಲಿ, ಎಂಜಿನ್ ಉರಿಯುತ್ತಿರುವಾಗಲೇ ಹೊಡೆಯೋಣವೆಂದರೆ ಸಿಗುವುದು ಮೂರರಿಂದ ಐದು ನಿಮಿಷ. ಅಷ್ಟರಲ್ಲಿ ತಲುಪಬೇಕಾದರೆ ಶತ್ರುವಿನ ನೆಲದ ಬಳಿಯಲ್ಲೋ ಅವನ ತಲೆಯ ಮೇಲಿನ ಕಕ್ಷೆಯಲ್ಲೋ ಮೊದಲೇ ಕಾದು ಕುಳಿತಿರಬೇಕು.

ಇನ್ನು ಲೆಕ್ಕ. ಅಮೆರಿಕದ ನೆಲವನ್ನು ಕಾಯಲು ಅಲಾಸ್ಕದ ಫೋರ್ಟ್ ಗ್ರೀಲಿಯಲ್ಲಿಯೂ ಕ್ಯಾಲಿಫೋರ್ನಿಯದ ವ್ಯಾಂಡನ್‌ಬರ್ಗ್‌ನಲ್ಲಿಯೂ ಒಟ್ಟು 44 ಪ್ರತಿಬಂಧಕ ಕ್ಷಿಪಣಿಗಳನ್ನು, ಅಂದರೆ ಬರುವ ಕ್ಷಿಪಣಿಯನ್ನು ತಡೆಯುವ ಕ್ಷಿಪಣಿಗಳನ್ನು, ನಿಯೋಜಿಸಲಾಯಿತು. 1999ರಿಂದ ನಡೆದ ಪರೀಕ್ಷೆಗಳಲ್ಲಿ ಈ ವ್ಯವಸ್ಥೆ ಅರ್ಧಕ್ಕಿಂತ ತುಸು ಹೆಚ್ಚು ಸಲ ಗೆದ್ದಿದೆ, ಅದೂ ಪರೀಕ್ಷಕರೇ ಸಿದ್ಧಪಡಿಸಿದ ಸನ್ನಿವೇಶದಲ್ಲಿ. ಒಂದು ಪ್ರತಿಬಂಧಕ ಗುರಿ ಮುಟ್ಟುವ ಸಂಭವ ಶೇ. 55 ಎಂದುಕೊಂಡು ಒಂದೊಂದು ಸಿಡಿತಲೆಗೆ ನಾಲ್ಕರಂತೆ ಹಾರಿಸಿದರೆ, ಕಾಗದದ ಮೇಲೆ ಯಶಸ್ಸು ಶೇ. 96ಕ್ಕೆ ಏರುತ್ತದೆ, ಆದರೆ 44 ಕ್ಷಿಪಣಿಗಳು 11 ಸಿಡಿತಲೆಗಳಿಗೆ ಖರ್ಚಾಗಿಹೋಗುತ್ತವೆ. ಆ ಶೇ. 96 ಕೂಡ ನಾಲ್ಕು ಪ್ರಯತ್ನಗಳು ಒಂದಕ್ಕೊಂದು ಸಂಬಂಧವಿಲ್ಲದೆ ಸೋಲುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ಹುಸಿ ಬಲೂನು ಮೊದಲನೆಯದನ್ನು ಮೋಸಗೊಳಿಸಿದರೆ ಉಳಿದ ಮೂರೂ ಅದೇ ಬಲೂನಿನ ಬೆನ್ನು ಹತ್ತುತ್ತವೆ. ಸೋಲು ಎಷ್ಟು ಸಣ್ಣ ಕಾರಣದಿಂದ ಬರಬಹುದೆಂಬುದಕ್ಕೆ 1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ದಹ್ರಾನ್‌ನಲ್ಲಿ ನಡೆದದ್ದನ್ನು ನೆನೆಯಬಹುದು. ನೂರು ಗಂಟೆ ಬಿಡದೆ ಓಡಿದ್ದ, ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆಯಾದ ಪೇಟ್ರಿಯಟ್‌ನ ಕಂಪ್ಯೂಟರಿನ ಗಡಿಯಾರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತ್ತು. ಅಷ್ಟು ಹೊತ್ತಿನಲ್ಲಿ ಇರಾಕ್ ಹಾರಿಸಿದ್ದ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಿರುತ್ತದೆ. ಅಂದು ಅಮೆರಿಕದ 28 ಸೈನಿಕರು ಸತ್ತರು. ಸಾಧಾರಣ ಸಿಡಿಮದ್ದಿದ್ದ ಕ್ಷಿಪಣಿ ಅದು. ನೂರು ಅಣ್ವಸ್ತ್ರಗಳಲ್ಲಿ ತೊಂಬತ್ತನ್ನು ತಡೆದ ಗುರಾಣಿಯನ್ನು ಯಾರೂ ಯಶಸ್ವಿ ಎನ್ನಲಾರರು.

ಪೂರ್ತಿ ಕಾಯಲಾರದ ಗುರಾಣಿಗೆ ಶತ್ರು ಏಕೆ ಹೆದರಬೇಕೆಂಬುದು ಮುಂದಿನ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಸಾವಿರ ಸಿಡಿತಲೆಗಳ ದಾಳಿಯ ಮುಂದೆ ಏನೂ ಅಲ್ಲದ ಗುರಾಣಿ, ತಾನೇ ಮೊದಲು ಹೊಡೆದು ಎದುರಾಳಿಯ ಬಹುಪಾಲು ಕ್ಷಿಪಣಿಗಳನ್ನು ನೆಲದಲ್ಲೇ ನಾಶಮಾಡಿದವನಿಗೆ ಮಾತ್ರ ತುಂಬ ಉಪಯೋಗಿ, ಏಕೆಂದರೆ ಅಳಿದುಳಿದ ಹತ್ತಿಪ್ಪತ್ತನ್ನು ತಡೆಯುವ ಶಕ್ತಿ ಅದಕ್ಕಿದೆ. ಹೀಗಾಗಿ ಕಟ್ಟಿದವರು ರಕ್ಷಣೆ ಎನ್ನುವುದು ಎದುರಾಳಿಯ ಕಣ್ಣಿಗೆ ಮೊದಲ ಏಟಿನ ಸಿದ್ಧತೆಯಾಗಿ ಕಾಣುತ್ತದೆ. 1967ರಲ್ಲಿ ಅಮೆರಿಕದ ಗ್ಲಾಸ್‌ಬರೋದಲ್ಲಿ ನಡೆದ ಮಾತುಕತೆಯಲ್ಲಿ ಅಮೆರಿಕದವರು ಈ ವಾದವನ್ನು ಮುಂದಿಟ್ಟಾಗ ಸೋವಿಯತ್ ಪ್ರಧಾನಿ ಕೊಸಿಗಿನ್ ಸಿಟ್ಟಾದರು. ರಕ್ಷಣೆ ನೀತಿಯುತ, ಆಕ್ರಮಣ ಅನೀತಿ ಎಂಬುದು ಅವರ ನಿಲುವು. 1983ರ ಮಾರ್ಚ್ 23ರಂದು ಅಮೆರಿಕದ ಅಧ್ಯಕ್ಷ ರೇಗನ್ ಬಾಹ್ಯಾಕಾಶದ ಗುರಾಣಿಯ ಕನಸನ್ನು ಸಾರಿದಾಗ ಪಾತ್ರಗಳು ಅದಲುಬದಲಾಗಿ, ಅದೇ ಮಾತನ್ನು ಅಮೆರಿಕ ಆಡಿತು, ಸಿಟ್ಟು ಮಾಸ್ಕೋದ್ದಾಯಿತು.

ನಡುವೆ ಒಂದು ವಿವೇಕದ ಕಾಲವಿತ್ತು. 1972ರ ಮೇ 26ರಂದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಮಾಸ್ಕೋದಲ್ಲಿ ಸಹಿಯಾದ ಎಬಿಎಂ (ಕ್ಷಿಪಣಿ ಪ್ರತಿಬಂಧಕಗಳ) ಒಪ್ಪಂದ ಇಂಥ ಗುರಾಣಿಗಳನ್ನೇ ಮಿತಿಗೊಳಪಡಿಸಿತು. 2002ರ ಜೂನ್ 13ರಂದು ಅಮೆರಿಕ ಅದರಿಂದ ಹೊರಬಿದ್ದಿತು. ಮರುದಿನವೇ ರಷ್ಯ, ಅಣ್ವಸ್ತ್ರಗಳನ್ನು ಕಡಿಮೆಮಾಡಲು ಮಾಡಿಕೊಂಡಿದ್ದ ಸ್ಟಾರ್ಟ್-2 ಒಪ್ಪಂದಕ್ಕೆ ತಾನು ಬದ್ಧನಲ್ಲವೆಂದಿತು. 2018ರ ಮಾರ್ಚ್‌ನಲ್ಲಿ ಪುಟಿನ್ ಹೊಸ ಅಸ್ತ್ರಗಳ ಸಾಲನ್ನೇ ಪ್ರದರ್ಶಿಸಿದಾಗ ಕೊಟ್ಟ ಕಾರಣಗಳಲ್ಲಿ ಈ ಹೊರಬೀಳುವಿಕೆಯೇ ಮುಖ್ಯ. ರಾಜಕಾರಣದ ನೆಪ ಅದರಲ್ಲಿ ಸಾಕಷ್ಟಿದೆ ಎಂದೇ ನನ್ನ ಅನಿಸಿಕೆ, ಆದರೆ ಆ ನೆಪವನ್ನು ಕೈಗೆ ಕೊಟ್ಟದ್ದು ಗುರಾಣಿ.

ಹಾಗಾದರೆ ನಿಶ್ಶಸ್ತ್ರೀಕರಣದ ಆಸೆಯನ್ನೇ ಬಿಡಬೇಕೇ? ಬೇಡ. 1986ರ ಸುಮಾರಿಗೆ ಜಗತ್ತಿನಲ್ಲಿ 70,000ದಷ್ಟಿದ್ದ ಸಿಡಿತಲೆಗಳು ಈಗ ಸುಮಾರು 12,000ಕ್ಕೆ ಇಳಿದಿವೆ, ಮತ್ತು ಆ ಇಳಿಕೆಗೆ ಗುರಾಣಿಯ ಹಂಗಿರಲಿಲ್ಲ. ಶೀತಲ ಸಮರದ ಅಂತ್ಯ, ಒಪ್ಪಂದ, ಸ್ಥಳಕ್ಕೇ ಹೋಗಿ ಎಣಿಸುವ ತಪಾಸಣೆ ಇವು ಸಾಕಾದವು. ದಕ್ಷಿಣ ಆಫ್ರಿಕ ತಾನು ಕಟ್ಟಿದ್ದ ಆರು ಬಾಂಬುಗಳನ್ನು ಕಳಚಿಹಾಕಿದ ಸಂಗತಿಯನ್ನು 1993ರಲ್ಲಿ ತಾನಾಗಿಯೇ ಜಗತ್ತಿಗೆ ತಿಳಿಸಿತು. 2021ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಅಣ್ವಸ್ತ್ರವುಳ್ಳ ಒಂದು ದೇಶವೂ ಸೇರಿಲ್ಲವಾದ್ದರಿಂದ ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

1986ರ ಅಕ್ಟೋಬರಿನಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಎಲ್ಲ ಅಣ್ವಸ್ತ್ರಗಳನ್ನೂ ತೊಡೆದುಹಾಕುವವರೆಗೆ ಹೋದ ರೇಗನ್ ಮತ್ತು ಸೋವಿಯತ್ ನಾಯಕ ಗೊರ್ಬಚೇವ್ ಮಾತುಕತೆ, ಗುರಾಣಿಯ ಪರೀಕ್ಷೆ ಪ್ರಯೋಗಾಲಯದೊಳಗೇ ನಡೆಯಬೇಕೆಂಬ ಗೊರ್ಬಚೇವರ ಷರತ್ತಿನ ಮೇಲೆ ಮುರಿದುಬಿತ್ತು. ವಿಷಾನಿಲವನ್ನು ನಿಷೇಧಿಸಿದ ಮೇಲೂ ಮುಖವಾಡಗಳನ್ನು ಇಟ್ಟುಕೊಂಡೆವಲ್ಲ ಎಂದು ಅಲ್ಲಿ ರೇಗನ್ ವಾದಿಸಿದ್ದರು. ಆ ಹೋಲಿಕೆ ಸರಿಯಾದದ್ದೇ, ಆದರೆ ಅದರಲ್ಲಿ ನಿಷೇಧ ಮೊದಲು ಬರುತ್ತದೆ. ಎಲ್ಲರ ಬಳಿಯೂ ಬೆರಳೆಣಿಕೆಯಷ್ಟು ಬಾಂಬುಗಳು ಉಳಿದ ದಿನ, ಯಾರಾದರೂ ಕದ್ದು ಮುಚ್ಚಿಟ್ಟ ನಾಲ್ಕೈದಕ್ಕೆ 44 ಪ್ರತಿಬಂಧಕಗಳು ನಿಜಕ್ಕೂ ಉತ್ತರವಾಗಬಲ್ಲವು.

2010ರಲ್ಲಿ ಪ್ರಾಗ್‌ನಲ್ಲಿ ಸಹಿಯಾದ ನ್ಯೂ ಸ್ಟಾರ್ಟ್ ಒಪ್ಪಂದ ಅಮೆರಿಕ ಮತ್ತು ರಷ್ಯ ಎರಡೂ ದೇಶಗಳ ನಿಯೋಜಿತ ಸಿಡಿತಲೆಗಳನ್ನು 1,550ಕ್ಕೆ ಮಿತಿಗೊಳಿಸಿತ್ತು. ಆಕ್ರಮಣದ ಅಸ್ತ್ರಕ್ಕೂ ರಕ್ಷಣೆಯ ಅಸ್ತ್ರಕ್ಕೂ ಸಂಬಂಧವಿದೆಯೆಂದು ಅದರ ಪೀಠಿಕೆ ಒಪ್ಪಿಕೊಂಡಿತ್ತಾದರೂ ಪ್ರತಿಬಂಧಕಗಳ ಸಂಖ್ಯೆಗೆ ಒಪ್ಪಂದದಲ್ಲಿ ಮಿತಿಯಿರಲಿಲ್ಲ. ಅದರ ಅವಧಿ ಇದ್ದದ್ದು 2026ರ ಫೆಬ್ರವರಿ 5ರವರೆಗೆ. ಅದಕ್ಕೂ ಮೊದಲೇ, 2025ರಲ್ಲಿ, ಗೋಲ್ಡನ್ ಡೋಮ್ ಎಂಬ ಹೆಸರಿನಲ್ಲಿ 175 ಶತಕೋಟಿ ಡಾಲರಿನ ಹೊಸ ಗುರಾಣಿಯನ್ನು ಟ್ರಂಪ್ ಘೋಷಿಸಿಯಾಗಿತ್ತು. ಮುಂದೆ ಹೊಸ ಒಪ್ಪಂದವೊಂದು ಬಂದರೆ ನಾನು ಅದರ ಪೀಠಿಕೆಯನ್ನು ಬಿಟ್ಟು, ಪ್ರತಿಬಂಧಕಗಳನ್ನು ಎಣಿಸುವ ವಿಧಿ ಅದರಲ್ಲಿದೆಯೇ ಎಂದು ಮೊದಲು ಹುಡುಕುತ್ತೇನೆ.