ನಾರ್ತ್ ರೊನಾಲ್ಡ್‌ಸೆ: ಕಡಲಪಾಚಿ ತಿನ್ನುವ ಕುರಿ ನೋಡಬೇಕೆಂದರೆ ಅಮಾವಾಸ್ಯೆ, ಹುಣ್ಣಿಮೆ ನೋಡಿ ಹೊರಡಿ

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಸಮೂಹದ ಉತ್ತರ ತುದಿಯ ಈ ದ್ವೀಪಕ್ಕೆ ಬೆಳಿಗ್ಗೆ ಹೋಗಿ ಸಂಜೆ ವಾಪಸಾಗುವ ಲೆಕ್ಕ ಹಾಕಿದವರು ಸಾಮಾನ್ಯವಾಗಿ ಪೆಚ್ಚಾಗುತ್ತಾರೆ. ಜಾಹೀರಾತಿನ ಚಿತ್ರದಲ್ಲಿ ಕುರಿ ಬಂಡೆಯ ಮೇಲೆ ನಿಂತು ಪಾಚಿ ಜಗಿಯುತ್ತಿರುತ್ತದೆ. ಹೋಗಿ ನೋಡಿದರೆ ಗೋಡೆಯ ಮಗ್ಗುಲಲ್ಲಿ ಬಿದ್ದುಕೊಂಡು ಮೆಲುಕು ಹಾಕುತ್ತಿರುತ್ತದೆ. ಈ ಕುರಿಗಳ ದಿನಚರಿ ಸೂರ್ಯನ ಲೆಕ್ಕದಲ್ಲಿ ನಡೆಯುವುದಿಲ್ಲ. ನೀರು ಇಳಿದಾಗ ಮೇವು, ಏರಿದಾಗ ಮೆಲುಕು. ನಡುರಾತ್ರಿ ಇಳಿತ ಬಂದರೆ ನಡುರಾತ್ರಿಯೇ ಮೇಯುತ್ತವೆ.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಭರತ-ಇಳಿತದ ಪಟ್ಟಿ ನೋಡಬೇಕು. ದಿನಕ್ಕೆರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡ. ಇವತ್ತು ಬೆಳಿಗ್ಗೆ 9ಕ್ಕೆ ಇದ್ದರೆ ನಾಳೆ 10ರ ಹತ್ತಿರ. ಕುರಿಗಳಿಗೆ ಬೇಕಾದ ಅಗಲ ಎಲೆಯ ಕೆಲ್ಪ್ ಪಾಚಿ ಬೆಳೆಯುವುದು ತೀರಾ ಕೆಳಗಿನ ಬಂಡೆಗಳಲ್ಲಿ. ಅದು ಚೆನ್ನಾಗಿ ಬಯಲಾಗುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಒಂದೆರಡು ದಿನ. ಕನಿಷ್ಠ ಎರಡು ರಾತ್ರಿ ಉಳಿದರೆ ಹಗಲು ಬೆಳಕಿನಲ್ಲಿ ಎರಡು ಮೂರು ಇಳಿತವಾದರೂ ಸಿಗುತ್ತದೆ.

ತಿಂಗಳು ಆರಿಸುವಾಗಲೂ ಎಚ್ಚರ ಬೇಕು. ಮರಿ ಹಾಕುವ ಕಾಲಕ್ಕೆ, ಅಂದರೆ ಸುಮಾರು ಮೇ ತಿಂಗಳಿಂದ ಆಗಸ್ಟ್‌ವರೆಗೆ, ತಾಯಿಕುರಿ ಮತ್ತು ಮರಿಗಳನ್ನು ಗೋಡೆಯೊಳಗಿನ ಹುಲ್ಲಿಗೆ ತರುತ್ತಾರೆ. ಬೇಸಿಗೆ ರಜೆಯಲ್ಲಿ ಹೋದವರಿಗೆ ಕಡಲಂಚಿನಲ್ಲಿ ಅರ್ಧ ಮಂದೆ ಮಾತ್ರ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು. ಆದರೆ ಅದೇ ಹೊತ್ತಿಗೆ ವಲಸೆ ಹಕ್ಕಿ ನೋಡುವವರು ಬಂದು ಹಾಸಿಗೆಗಳನ್ನು ಮೊದಲೇ ಹಿಡಿದಿರುತ್ತಾರೆ. ಚಳಿಗಾಲದ ಬಿರುಗಾಳಿ ದಡಕ್ಕೆ ರಾಶಿ ರಾಶಿ ಪಾಚಿ ತಂದು ಹಾಕುತ್ತದೆ. ಕುರಿಗಳು ಆಗಲೇ ದಷ್ಟಪುಷ್ಟ, ನೋಡಲು ಹೋಗುವವರ ಪಾಡು ಬೇರೆ.

ಆರ್ಕ್ನಿಯ ಮುಖ್ಯ ಪಟ್ಟಣ ಕಿರ್ಕ್‌ವಾಲ್‌ನಿಂದ ಎಂಟು ಜನ ಹಿಡಿಸುವ ಪುಟ್ಟ ಐಲ್ಯಾಂಡರ್ ವಿಮಾನ, 20 ನಿಮಿಷದೊಳಗೆ ತಲುಪಿಸುತ್ತದೆ. ಸಾಮಾನಿನ ತೂಕಕ್ಕೆ ಮಿತಿ ಇದೆ, ದೊಡ್ಡ ಸೂಟ್‌ಕೇಸನ್ನು ಕಿರ್ಕ್‌ವಾಲ್‌ನಲ್ಲೇ ಬಿಡಿ. ಮಂಜು ಕವಿದರೆ ವಿಮಾನವಿಲ್ಲ. ಹಡಗು ಎರಡೂವರೆ ಗಂಟೆಗೂ ಹೆಚ್ಚು ಹೊತ್ತಿನ ದಾರಿ, ವಾರಕ್ಕೆ ಕೆಲವೇ ಸಲ, ಅದೂ ಅಲೆ ಒಪ್ಪಿದರೆ. ಲಂಡನ್ನಿಂದ ಬೆಂಗಳೂರಿಗೆ ಮರಳುವ ವಿಮಾನವನ್ನು ಮರುದಿನಕ್ಕೇ ಇಟ್ಟುಕೊಳ್ಳಬೇಡಿ. ನಡುವೆ ಎರಡು ದಿನ ಖಾಲಿ ಬಿಡಿ.

ಕುರಿಯಷ್ಟೇ ನೋಡಬೇಕಾದದ್ದು ಗೋಡೆ. 1832ರಲ್ಲಿ ಕಟ್ಟಿದ್ದು, ಗಾರೆಯಿಲ್ಲದ ಬರೀ ಕಲ್ಲಿನ ಜೋಡಣೆ, ಸುಮಾರು ಆಳೆತ್ತರ, ದ್ವೀಪದ ಸುತ್ತ ಹತ್ತಿರ ಹತ್ತಿರ 20 ಕಿಲೋಮೀಟರ್. ಕುರಿಯನ್ನು ಒಳಗಿಡಲು ಗೋಡೆ ಕಟ್ಟುವುದು ಲೋಕರೂಢಿ. ಇಲ್ಲಿ ಹೊಲ, ದನಗಳ ಹುಲ್ಲು ಉಳಿಯಲಿ ಎಂದು ಕುರಿಯನ್ನೇ ಕಡಲ ಕಡೆಗೆ ಹೊರಹಾಕಿದರು. ಈಗ ಅದೇ ಗೋಡೆ ಈ ತಳಿಯ ಜೀವ ಕಾಯುತ್ತಿದೆ. ಕಡಲಪಾಚಿಯಲ್ಲಿ ತಾಮ್ರ ಕಡಿಮೆ, ಹಾಗಾಗಿ ಸಿಕ್ಕ ತಾಮ್ರವನ್ನೆಲ್ಲ ಹೀರಿಕೊಳ್ಳುವ ಹೊಟ್ಟೆ ಇವಕ್ಕೆ ಬಂದಿದೆ. ಹುಲ್ಲಿನಲ್ಲೇ ಬಹುಕಾಲ ಬಿಟ್ಟರೆ ತಾಮ್ರ ಯಕೃತ್ತಿನಲ್ಲಿ ತುಂಬಿ ವಿಷವಾಗಿ ಕುರಿ ಸಾಯಬಹುದು. ಪ್ರೀತಿಯಿಂದಲೂ ಹಿಡಿ ಹುಲ್ಲು, ಬಿಸ್ಕತ್ತು ಕೊಡಬೇಡಿ.

ಗೋಡೆ ಹತ್ತಿ ಫೋಟೊ ತೆಗೆಯುವ ಚಾಳಿ ಎಲ್ಲಕ್ಕಿಂತ ಕೆಟ್ಟದ್ದು. ಮೇಲಿನ ಒಂದು ಕಲ್ಲು ಜಾರಿದರೆ ಅಕ್ಕಪಕ್ಕದವು ಸಡಿಲವಾಗುತ್ತವೆ, ಮುಂದಿನ ಬಿರುಗಾಳಿಗೆ ಮಾರುಗಟ್ಟಲೆ ಕುಸಿಯುತ್ತದೆ. ಊರಿನಲ್ಲಿರುವವರು ಅರವತ್ತು ಜನರ ಆಸುಪಾಸು, ಅದರಲ್ಲಿ ಕಲ್ಲು ಎತ್ತುವ ಕೈಗಳೆಷ್ಟು? ಗೇಟಿನಿಂದಲೇ ದಾಟಿ, ದಾಟಿದ ಮೇಲೆ ಮುಚ್ಚಿ. ಕಲ್ಲು ಜೋಡಿಸುವ ಆಸೆಯಿದ್ದರೆ ಬೇಸಿಗೆ ಕೊನೆಯ ಕುರಿ ಉತ್ಸವಕ್ಕೆ ಸ್ವಯಂಸೇವಕರಾಗಿ ಹೋಗಬಹುದು. ಒಂದು ಕಲ್ಲು ಕೆಳಗಿನ ಎರಡರ ಸಂದಿಯ ಮೇಲೆ ಕೂರಬೇಕು, ಸಂದಿಗೆ ನೇರ ಸಂದಿ ಬರಬಾರದು. ದಪ್ಪ ಚರ್ಮದ ಕೈಗವಸು ಮರೆಯಬೇಡಿ.

ಉಣ್ಣೆ ಕತ್ತರಿಸಲು ಮಂದೆಯನ್ನು ಕಲ್ಲಿನ ರೊಪ್ಪಗಳಿಗೆ ಅಟ್ಟುವ ದಿನ ಸಿಕ್ಕರೆ ಬಿಡಬೇಡಿ. ರೊಪ್ಪಕ್ಕೆ ಅಲ್ಲಿನವರು ‘ಪಂಡ್’ ಎನ್ನುತ್ತಾರೆ. ಅಟ್ಟುವುದು ನೀರು ಏರಿದ ಹೊತ್ತಿನಲ್ಲಿ, ಬಂಡೆಗಳಾಚೆ ಓಡಲು ಜಾಗ ಇಲ್ಲದಿದ್ದಾಗ. ಇವು ನಮ್ಮ ದಖ್ಖನಿ ಕುರಿಯ ಹಾಗೆ ಒಂದರ ಹಿಂದೊಂದು ತಲೆತಗ್ಗಿಸಿ ಹೋಗುವ ಜಾತಿಯಲ್ಲ, ದಿಕ್ಕಿಗೊಂದು ಚದುರುತ್ತವೆ. ಹೇಳಿದಲ್ಲಿ ಸುಮ್ಮನೆ ನಿಲ್ಲುವುದೇ ದೊಡ್ಡ ಸಹಾಯ.

ಹಕ್ಕಿ ವೀಕ್ಷಣಾಲಯದಲ್ಲೇ ಹಾಸಿಗೆ, ಊಟ ಎರಡೂ ಸಿಗುತ್ತವೆ. ಸಾಲು ಮಂಚದ ಹಾಸ್ಟೆಲ್ ಸಾಕು, ಹೆಚ್ಚು ಕೊಟ್ಟು ಕೋಣೆ ಹಿಡಿಯಬೇಕಿಲ್ಲ. ಮಾಂಸ ತಿನ್ನುವವರು ಇಲ್ಲಿನ ಕುರಿ ಮಾಂಸವನ್ನು ಕೇಳಿ ತಿನ್ನಿ. ನಿಧಾನವಾಗಿ ಬೆಳೆಯುವ ಪುಟ್ಟ ತಳಿಯಾದ್ದರಿಂದ ಮಾಂಸ ಕಡುಗೆಂಪು, ಬೇಟೆಮಾಂಸದ ಗಾಢ ರುಚಿ. ಕೊಬ್ಬು ಬಾಯಿಗೆ ಅಂಟುವುದಿಲ್ಲ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದದ್ದಕ್ಕೆ ಆಲೂಗಡ್ಡೆ ಇದ್ದರೆ ಮಸಾಲೆ ನೆನಪೇ ಬಾರದು. ಸಸ್ಯಾಹಾರಿಗಳು ಮುಂಚೆಯೇ ತಿಳಿಸಿ, ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿಟ್ಟುಕೊಳ್ಳಿ.

ದೀಪಸ್ತಂಭ 1854ರದ್ದು, 42 ಮೀಟರ್, 176 ಮೆಟ್ಟಿಲು. ಹತ್ತಿದರೆ ಗೋಡೆಯ ಪೂರ್ತಿ ಸುತ್ತು ಕಣ್ಣಿಗೆ ಬೀಳುತ್ತದೆ, ಅಷ್ಟಕ್ಕೆ ಹತ್ತಬಹುದು. ಪಕ್ಕದ ಗಿರಣಿಯಲ್ಲಿ ಇಲ್ಲಿನ ಉಣ್ಣೆಯ ನೂಲು ಮಾರುತ್ತಾರೆ. ಒರಟು ಹೊರಗೂದಲು ಬೇರ್ಪಡಿಸಿದ ಮೆತ್ತನೆಯದನ್ನೇ ಕೇಳಿ.

ದಡದಲ್ಲಿ ನಡೆಯುವವರಿಗೆ ಹಿಡಿತದ ಅಟ್ಟೆಯ ಬೂಟು ಬೇಕು. ಒದ್ದೆ ಪಾಚಿ ಸೋಪಿಗಿಂತ ಜಾರುತ್ತದೆ. ಜೂನ್, ಜುಲೈನಲ್ಲಿ ಗೂಡು ಕಾಯುವ ಟರ್ನ್ ಹಕ್ಕಿಗಳು ನೆತ್ತಿಗೇ ಕುಕ್ಕುತ್ತವೆ, ತಲೆಗಿಂತ ಎತ್ತರಕ್ಕೆ ಒಂದು ಕೋಲು ಹಿಡಿದರೆ ಅದನ್ನು ಕುಕ್ಕುತ್ತವೆ. ಕುರಿಗಳಿಂದ ಐವತ್ತು ಹೆಜ್ಜೆ ದೂರದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೂತಿರಿ. ನೀರು ಸರಿದಂತೆ ಒಂದೊಂದಾಗಿ ಎದ್ದು ಅವೇ ಇಳಿದು ಬರುತ್ತವೆ.